ಭಾವನ ಅಸಿಸ್ಟೆಂಟಿನ ಎರಡು ಸೆಲ್ಲು

ನಾನು ಯಂತ್ರಗಳ ವಿರೋಧಿಯಲ್ಲ. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಪುಸ್ತಕದಂಗಡಿಯಲ್ಲಿ ಫ್ಯಾನ್ ಇದೆ, ಸ್ಟೇಪ್ಲರ್ ಇದೆ, ಒಂದು ಕ್ಯಾಲ್ಕುಲೇಟರ್ ಕೂಡ ಇದೆ. ಮೂರನ್ನೂ ಯಾರ ಸಹಾಯವಿಲ್ಲದೆ ನಡೆಸುತ್ತೇನೆ. ಆದರೆ ನನ್ನ ಅಂಗಡಿಯ ಮುಖ್ಯ ಸರಕು ಡೈರಿ. ಡಿಸೆಂಬರ್ ಬಂತೆಂದರೆ ಕೆಂಪು, ನೀಲಿ, ಕಪ್ಪು ರಟ್ಟಿನ ಡೈರಿಗಳನ್ನು ಹೊರಗಿನ ಬೆಂಚಿನ ಮೇಲೆ ಜೋಡಿಸಿ ಕುಳಿತಾಗ ನನಗೆ ನನ್ನ ಮೇಲೆಯೇ ಸ್ವಲ್ಪ ಗೌರವ ಬರುತ್ತದೆ.

ಹೀಗಿರುವಾಗ ಮಣಿಪಾಲದ ಅಂಗಡಿಯೊಂದರ ಮುಂದೆ ಹೊಸ ಬೋರ್ಡು ಬಿತ್ತು. ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಅಸಿಸ್ಟೆಂಟ್ ಬಂದಿದೆಯಂತೆ. ವಿಳಾಸ, ಫೋನ್ ನಂಬರು, ಮಾಡಬೇಕಾದ ಕೆಲಸ ಎಲ್ಲವನ್ನೂ ಅದೇ ನೆನಪಿಟ್ಟುಕೊಳ್ಳುತ್ತದಂತೆ. ಇನ್ನು ಡೈರಿಯನ್ನು ಎಸೆಯಬಹುದಂತೆ! ಎಸೆಯಬಹುದು ಎಂಬ ಆ ಒಂದು ಮಾತು ನನ್ನ ಎದೆಗೆ ನಾಟಿತು.

ನಾನು ಸುಮ್ಮನಿರಲಿಲ್ಲ. ಪತ್ರಿಕೆಯ ಓದುಗರ ಅಂಕಣಕ್ಕೆ ಮೂರು ಪುಟದ ಪತ್ರ ಬರೆದೆ. ಡೈರಿಗೆ ಸೆಲ್ಲು ಬೇಡ, ನೀರಿಗೆ ಬಿದ್ದರೂ ಒಣಗಿಸಬಹುದು, ಒಮ್ಮೆ ಬರೆದದ್ದು ಅಳಿಯುವುದಿಲ್ಲ ಎಂದು ಸಾಧಾರವಾಗಿ ವಾದಿಸಿದ್ದೆ. ಬೀದಿನಾಯಿಗಳ ಹಾವಳಿಯ ಬಗ್ಗೆ ಬಂದಿದ್ದ ಪತ್ರದ ಕೆಳಗೆ ನನ್ನ ಪತ್ರದ ಆರು ಸಾಲು ಅಚ್ಚಾಯಿತು. ಆ ಆರು ಸಾಲನ್ನೇ ಕತ್ತರಿಸಿ ಗಲ್ಲಾದ ಗಾಜಿನ ಹಿಂದೆ ಅಂಟಿಸಿದೆ. ರೀಫಿಲ್ ಕೊಳ್ಳಲು ಬಂದವರೂ ಅದನ್ನು ಓದದೆ ಹೋಗದಂತೆ ನೋಡಿಕೊಂಡೆ. ಅವರಲ್ಲಿ ಕೆಲವರು ಈಗ ಬೇರೆ ಅಂಗಡಿಯಲ್ಲಿ ರೀಫಿಲ್ ತೆಗೆದುಕೊಳ್ಳುತ್ತಾರೆ.

ಅದೇ ಬೇಸಗೆಯಲ್ಲಿ ನನ್ನ ಹೆಂಡತಿ ಜಯಂತಿಯ ಅಣ್ಣ ಸುಧಾಕರ ಭಾವ ಮಸ್ಕತ್‌ನಿಂದ ಬಂದರು. ಮಗಳು ಶ್ವೇತಾಳ ಮದುವೆಗೆ ನಲವತ್ತೈದು ದಿನಗಳ ರಜೆ. ಬಂದ ದಿನವೇ ನಮ್ಮ ಮನೆಗೆ ಊಟಕ್ಕೆ ಬಂದವರು ಅಂಗಿಯ ಜೇಬಿನಿಂದ ಒಂದು ಬೂದು ಬಣ್ಣದ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೊಂದು ಕಡ್ಡಿ. ಕಡ್ಡಿಯಿಂದ ಮುಟ್ಟಿದರೆ ಅಕ್ಷರ ಮೂಡುತ್ತಿತ್ತು. ನೋಡಿದೊಡನೆ ಗೊತ್ತಾಯಿತು: ಶತ್ರು ನನ್ನ ಮನೆಯೊಳಗೇ ಬಂದಿದ್ದಾನೆ.

ಭಾವ ಬಹಳ ಹೊತ್ತು ವಿವರಿಸಿದರು. ಹೇಗೆ ಬರೆಯುವುದು, ಹೇಗೆ ಹುಡುಕುವುದು, ಕೊನೆಗೆ ಅದರ ಸೆಲ್ಲಿನ ವಿಚಾರ ಏನೋ. ಆ ಕೊನೆಯ ಭಾಗವನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಮುಂದಿನ ಟೀಕೆಯನ್ನು ಮನಸ್ಸಿನಲ್ಲಿ ಸಿದ್ಧಪಡಿಸುತ್ತಿದ್ದೆ. ಜಯಂತಿ ಮಾತ್ರ ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದಳು.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಮದುವೆಗೆ ಕರೆಯುವುದಕ್ಕೆ ನಾವು ಹೇಳಿಕೆ ಎನ್ನುತ್ತೇವೆ. ಕಾಗದ ಕಳಿಸಿದರೆ ಹೇಳಿಕೆ ಆಗುವುದಿಲ್ಲ. ಮನೆಗೇ ಹೋಗಬೇಕು, ಗಂಡ ಹೆಂಡತಿ ಒಟ್ಟಿಗೆ ಹೋಗಬೇಕು, ಕುಳಿತುಕೊಳ್ಳಬೇಕು, ಕೊಟ್ಟದ್ದನ್ನು ಕುಡಿಯಬೇಕು, ಆಮೇಲೆ ಕಾಗದವನ್ನು ಕೈಯಲ್ಲೇ ಕೊಟ್ಟು ಮನೆಯವರೆಲ್ಲ ಬರಬೇಕು ಎನ್ನಬೇಕು. ಒಂದು ಮನೆ ತಪ್ಪಿದರೆ ಆ ಮನೆಯವರು ಬರುವುದಿಲ್ಲ. ಮದುವೆಗೆ ಮಾತ್ರವಲ್ಲ, ಮುಂದೆ ಯಾವುದಕ್ಕೂ ಬರುವುದಿಲ್ಲ. ಹಾಗೆಂದು ಒಂದೇ ಮನೆಗೆ ಎರಡು ಸಲ ಹೇಳುವಂತೆಯೂ ಇಲ್ಲ. ನಮಗೆ ಹೇಳಿದ್ದೇ ಮರೆಯುವಷ್ಟು ನಾವು ಇವರಿಗೆ ಹಗುರವಾದೆವೇ ಎಂದು ಅದಕ್ಕೂ ಕೋಪ.

ಇದಕ್ಕೆ ಉದಾಹರಣೆ ಬೇಕಿದ್ದರೆ ಶಿರ್ವದ ಮಂಜಪ್ಪ ಮಾವ. ಅವರು ಭಾವನಿಗೂ ಜಯಂತಿಗೂ ಸೋದರಮಾವ, ಕುಟುಂಬಕ್ಕೇ ಹಿರಿಯರು. ಹನ್ನೆರಡು ವರ್ಷಗಳ ಹಿಂದೆ ನನ್ನ ಮದುವೆಯ ಗಡಿಬಿಡಿಯಲ್ಲಿ ಜಯಂತಿಯ ಮನೆಯವರು ಅವರಿಗೆ ಕಾಗದವನ್ನು ಅಂಚೆಯಲ್ಲಿ ಕಳಿಸಿಬಿಟ್ಟಿದ್ದರು. ಹೇಳಿದ್ದು ಅಂಚೆಯವನು, ಅವನನ್ನೇ ಊಟಕ್ಕೆ ಕೂರಿಸಿ ಎಂದು ಹೇಳಿಕಳಿಸಿದವರು ಬರಲೇ ಇಲ್ಲ. ಧಾರೆಯ ಹೊತ್ತಿಗೆ ಹಿರಿಯರು ನಿಲ್ಲುವ ಜಾಗ ಖಾಲಿಯಿತ್ತು. ಜಯಂತಿ ಆ ಜಾಗವನ್ನೇ ನೋಡುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಕಳೆದ ವರ್ಷವಷ್ಟೇ ಒಂದು ಸಾವಿನ ಮನೆಯಲ್ಲಿ ಮಾತು ಪುನಃ ಸುರುವಾಗಿತ್ತು. ತನ್ನ ಮದುವೆಗೆ ಮಂಜಪ್ಪ ಅಜ್ಜ ಧಾರೆಗೆ ನಿಲ್ಲಲೇಬೇಕು ಎಂದು ಶ್ವೇತಾ ಅಪ್ಪನಿಗೆ ಮಸ್ಕತ್‌ಗೇ ಫೋನ್ ಮಾಡಿ ಹೇಳಿದ್ದಳಂತೆ.

ಭಾವನ ಪಟ್ಟಿಯಲ್ಲಿ ನೂರ ನಲವತ್ತು ಮನೆಗಳಿದ್ದವು. ಬಾಡಿಗೆ ಕಾರಿನಲ್ಲಿ ಹೆಂಡತಿಯೊಂದಿಗೆ ಕಾಪು, ಕಾರ್ಕಳ, ಪಡುಬಿದ್ರಿ ಎಂದು ಸುತ್ತಿ, ಹೇಳಿಕೆಯಾದ ಮನೆಗೆ ಆ ಯಂತ್ರದಲ್ಲಿ ಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಸಂಜೆ ನಮ್ಮ ಮನೆಗೆ ಬಂದು ಜಯಂತಿಗೆ ಓದಿ ಹೇಳುತ್ತಿದ್ದರು. ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವರ ಸಭೆ ಮುಗಿದಿರುತ್ತಿತ್ತು. ಮದುವೆಗೆ ಎರಡು ವಾರ ಇರುವಾಗ ಮುಂಬಯಿಯ ಸಂಬಂಧಿಕರಿಗೆ ಹೇಳಲು ಗಂಡ ಹೆಂಡತಿ ರೈಲು ಹತ್ತಿದರು. ಹೊರಡುವ ಮೊದಲು ಯಂತ್ರವನ್ನು ನನ್ನ ಕೈಯಲ್ಲಿಟ್ಟರು. ಅವರು ನನ್ನನ್ನೂ ಭಾವ ಎಂದೇ ಕರೆಯುವುದು.

"ಭಾವ, ಯಾವ ಮನೆ ಆಗಿದೆ, ಯಾವುದು ಬಾಕಿ, ಎಲ್ಲ ಇದರಲ್ಲಿ ಉಂಟು. ಬಾಕಿ ಇದ್ದದ್ದಕ್ಕೆ ನೀವು ಮತ್ತು ಜಯಂತಿ ಹೋಗಿ ಬನ್ನಿ. ನಾನು ಶುಕ್ರವಾರ ಬರುತ್ತೇನೆ."

ನಾನು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಒಳಗೊಯ್ದೆ. ಅಂದು ಶನಿವಾರ.

ಮರುದಿನ ಮಧ್ಯಾಹ್ನ ಟಿವಿಯಲ್ಲಿ ಭಾರತದ ಮ್ಯಾಚು. ಜಯಂತಿ ಪಕ್ಕದ ಮನೆಯಲ್ಲಿ ಹಪ್ಪಳ ಒತ್ತಲು ಹೋಗಿದ್ದಳು. ಟಾಸ್ ಆಗುವ ಹೊತ್ತಿಗೆ ಸರಿಯಾಗಿ ರಿಮೋಟಿನ ಸೆಲ್ಲು ಸತ್ತಿತು. ಆ ಟಿವಿಯ ಗುಂಡಿಗಳು ಕೆಟ್ಟು ಎರಡು ವರ್ಷವಾಗಿತ್ತು, ರಿಮೋಟಿಲ್ಲದೆ ಚಾನೆಲ್ ಬದಲಾಗದು. ಭಾನುವಾರ ನಮ್ಮ ಬೀದಿಯ ಅಂಗಡಿಗಳೆಲ್ಲ ಬಂದ್. ನನ್ನ ಕಣ್ಣು ಮೇಜಿನ ಮೇಲಿದ್ದ ಅಸಿಸ್ಟೆಂಟಿನ ಮೇಲೆ ಬಿತ್ತು.

ಬೆನ್ನು ತೆರೆದು ನೋಡಿದೆ. ಅದೇ ಅಳತೆಯ ಎರಡು ಸಪುರ ಸೆಲ್ಲು! ಆತುರದ ಮನುಷ್ಯ ನಾನಲ್ಲ, ಯೋಚಿಸಿಯೇ ತೆಗೆದೆ. ಟಾರ್ಚಿನ ಸೆಲ್ಲು ತೆಗೆದು ಪುನಃ ಹಾಕಿದರೆ ಟಾರ್ಚು ಬೆಳಕು ಕೊಡುವುದಿಲ್ಲವೇ? ರೇಡಿಯೋ ತನ್ನ ಸ್ಟೇಷನ್ನು ಮರೆಯುತ್ತದೆಯೇ? ಅದೂ ಅಲ್ಲದೆ ಇದು ಅಸಿಸ್ಟೆಂಟ್. ಮನೆಯ ಯಜಮಾನ ಮ್ಯಾಚು ನೋಡುವಾಗ ಸ್ವಲ್ಪ ಸಹಾಯ ಮಾಡಲಿ. ಹೀಗೆಂದುಕೊಂಡು ಸೆಲ್ಲು ತೆಗೆದು ರಿಮೋಟಿಗೆ ಹಾಕಿ ಕಾಲು ಚಾಚಿದೆ. ನಡುವೆ ಒಮ್ಮೆ ಹಿಂದಿನ ಬಾಗಿಲು ಸದ್ದಾಯಿತು. ಬೆಕ್ಕು ಇರಬೇಕು ಎಂದುಕೊಂಡೆ.

ಭಾರತ ಸೋತಿತು. ಬೇಸರದಿಂದಲೇ ಸೆಲ್ಲುಗಳನ್ನು ಸ್ವಸ್ಥಾನಕ್ಕೆ ಸೇರಿಸಿ ಯಂತ್ರದ ಗುಂಡಿ ಒತ್ತಿದೆ. ಅದು ನನ್ನನ್ನು ಬಹಳ ಮರ್ಯಾದೆಯಿಂದ ಸ್ವಾಗತಿಸಿತು. ಇಂದಿನ ತಾರೀಕು ಯಾವುದು ಎಂದು ನನ್ನನ್ನೇ ಕೇಳಿತು. ಪಟ್ಟಿಯನ್ನು ಹುಡುಕಿದೆ. ನೂರ ನಲವತ್ತು ಮನೆಗಳಿದ್ದ ಜಾಗದಲ್ಲಿ ಒಂದು ಮನೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮಣಿಪಾಲಕ್ಕೆ ಹೋದೆ. ಅಂಥ ಯಂತ್ರ ಬಲ್ಲವರು ಇದ್ದದ್ದು ಒಂದೇ ಕಡೆ, ಆ ಬೋರ್ಡು ಹಾಕಿದ್ದ ಅಂಗಡಿಯಲ್ಲಿ. ಯಜಮಾನರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಪತ್ರಿಕೆಗೆ ಬರೆದವರು ನೀವೇ ಅಲ್ವಾ?"

ನಾನು ಯಂತ್ರವನ್ನು ಅವರ ಮುಂದೆ ಚಾಚಿದೆ. ಅವರು ಸಜ್ಜನರು, ಮತ್ತೇನೂ ಕೆಣಕದೆ ಯಂತ್ರವನ್ನು ತಿರುಗಿಸಿ ನೋಡಿದರು. ಸೆಲ್ಲು ಬದಲಿಸುವಾಗ ಒಂದು ನಿಮಿಷದ ಮಟ್ಟಿಗೆ ಇದರ ನೆನಪು ಉಳಿಯುತ್ತದೆ, ನೀವು ಎಷ್ಟು ಹೊತ್ತು ತೆಗೆದಿಟ್ಟಿದ್ದಿರಿ ಎಂದು ಕೇಳಿದರು.

"ನೂರು ಓವರ್," ಎಂದೆ.

ಇದರ ಪ್ರತಿ ಯಾವುದಾದರೂ ಕಂಪ್ಯೂಟರಿನಲ್ಲಿ ಇದ್ದರೆ ಬದುಕಿಕೊಂಡಿರಿ ಎಂದರು. ಕಂಪ್ಯೂಟರ್ ಇದ್ದದ್ದು ಮಸ್ಕತ್‌ನಲ್ಲಿ. ಅದರಲ್ಲೂ ಮಸ್ಕತ್‌ನವರ ಹೆಸರೇ ಇದ್ದೀತು, ಊರಿಗೆ ಬಂದ ಮೇಲೆ ಹಾಕಿದ ಗುರುತುಗಳು ಎಲ್ಲಿಂದ ಬರಬೇಕು?

ಭಾವನಿಗೆ ಫೋನ್ ಮಾಡಬಹುದಿತ್ತು. ಜಯಂತಿಗೆ ಹೇಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ಆರು ಸಾಲು ಅಚ್ಚಾದ ಮನುಷ್ಯನಿಗೆ ಅಷ್ಟು ಸುಲಭವಾಗಿ ತಲೆ ತಗ್ಗಿಸಲು ಆಗುವುದಿಲ್ಲ. ಬದಲಿಗೆ ನಾನೊಂದು ಯೋಜನೆ ಹಾಕಿದೆ. ಒಬ್ಬೊಬ್ಬರ ಮನೆಗೂ ಸುಮ್ಮನೆ ಈ ಕಡೆ ಬಂದವನಂತೆ ಹೋಗುವುದು. ಹೇಳಿಕೆಯಾದ ಮನೆಯಲ್ಲಿ ಮದುವೆಯ ಕಾಗದ ಎಲ್ಲಾದರೂ ಕಾಣಲೇಬೇಕು, ಟಿವಿಯ ಮೇಲೆ, ಕಿಟಕಿಯ ಸರಳಿನಲ್ಲಿ, ಶೋಕೇಸಿನಲ್ಲಿ. ಕಂಡರೆ ಆಗಿದೆ, ಕಾಣದಿದ್ದರೆ ಬಾಕಿ. ಯಾರು ಯಾವಾಗ ಮನೆಯಲ್ಲಿರುತ್ತಾರೆ ಎಂದು ಮೊದಲು ಒಂದು ಸುತ್ತು ನೋಡಿ ಬರುತ್ತೇನೆ ಎಂದು ಜಯಂತಿಗೆ ಹೇಳಿದೆ. ಖಾಲಿ ಯಂತ್ರವನ್ನು ಕಡ್ಡಿಯಿಂದ ತಟ್ಟಿ, ಇಂದು ಕಾಪು ಕಡೆ ಬಾಕಿ ಇದೆ ಎಂದು ಘೋಷಿಸಿದೆ.

"ಹೋಗಿ ಬನ್ನಿ," ಎಂದಳು ಅವಳು. ಎಂದೂ ಇಲ್ಲದ ಆ ಸಮಾಧಾನವನ್ನು ಕಂಡು ನಾನು ಆಗಲೇ ಹೆದರಬೇಕಿತ್ತು.

ಕಾಪುವಿನ ಮೊದಲ ಮನೆಯ ಕಿಟಕಿಯಲ್ಲಿ ಕೆಂಪು ಕಾಗದ ಕಂಡಿತು, ಮೇಲೆ ಗಣಪತಿ. ಸಂತೋಷದಿಂದ ಶರಬತ್ತು ಕುಡಿದು ಎದ್ದೆ. ಚಪ್ಪಲಿ ಮೆಟ್ಟುವಾಗ ಹತ್ತಿರದಿಂದ ಓದಿದರೆ ಅದು ಬೇರೆ ಯಾರದೋ ಮದುವೆ! ಪುನಃ ಒಳಗೆ ಹೋಗಿ ಶೋಕೇಸು ನೋಡಲು ನೆಪ ಬೇಕಿತ್ತು. ಇನ್ನೊಂದು ಲೋಟ ಶರಬತ್ತು ಸಿಗಬಹುದೇ ಎಂದು ಕೇಳಿದೆ. ಆ ಮನೆಯ ಲೀಲಕ್ಕ ಕೊಟ್ಟಳು, ಆದರೆ ಕೊಡುವಾಗ ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು.

ಕಾರ್ಕಳದ ಗಿರಿಜಾ ದೊಡ್ಡಮ್ಮ ಕುಡಿಯಲು ಎಳನೀರಿನ ಬೊಂಡ ತರಲು ಒಳಗೆ ಹೋದಾಗ ಸ್ಟೂಲು ಹತ್ತಿದೆ. ಗೋಡೆಯ ಕ್ಯಾಲೆಂಡರಿನ ಹಿಂದೆ ಕಾಗದದ ಮೂಲೆಯೊಂದು ಕಂಡಂತಾಗಿತ್ತು. ಅದು ಲೈಟ್ ಬಿಲ್ಲು. ಅಷ್ಟರಲ್ಲಿ ದೊಡ್ಡಮ್ಮ ಬೊಂಡ ಹಿಡಿದು ಬಂದು ನಿಂತಿದ್ದರು.

"ಎಂತ ಹುಡುಕುವುದು ನೀವು ಅಲ್ಲಿ?"

ಕ್ಯಾಲೆಂಡರ್ ಸ್ವಲ್ಪ ಓರೆಯಾಗಿತ್ತು, ಸರಿ ಮಾಡುತ್ತಿದ್ದೇನೆ ಎಂದೆ. ಅದು ಕಳೆದ ವರ್ಷದ ಕ್ಯಾಲೆಂಡರ್ ಎಂದು ದೊಡ್ಡಮ್ಮ ತಣ್ಣಗೆ ತಿಳಿಸಿದರು.

ಹನ್ನೆರಡು ವರ್ಷ ಯಾರ ಮನೆಗೂ ಹೋಗದ ಅಳಿಯ ದಿನಕ್ಕೆ ಎಂಟು ಮನೆಗೆ ಹೋಗುತ್ತಾನೆ, ಸುತ್ತ ನೋಡುತ್ತಾನೆ, ಏನೂ ಹೇಳದೆ ಏಳುತ್ತಾನೆ ಎಂದರೆ ಜನ ಏನಾದರೂ ಅರ್ಥ ಮಾಡಿಕೊಳ್ಳಬೇಕಲ್ಲ. ಮಾಡಿಕೊಂಡರು. ಬುಧವಾರ ಆದಿ ಉಡುಪಿಯ ಮನೆಯೊಂದರಲ್ಲಿ ನಾನು ಸ್ಕೂಟರಿನ ಸ್ಟ್ಯಾಂಡ್ ಹಾಕುವ ಮೊದಲೇ ಯಜಮಾನರು ಹೊರಗೆ ಬಂದು, ನಮ್ಮಲ್ಲಿ ಎಲ್ಲರಿಗೂ ಪಾಲಿಸಿ ಮಾಡಿಸಿ ಆಗಿದೆ ಎಂದುಬಿಟ್ಟರು. ಅಂಗಡಿ ನಡೆಯದೆ ನಾನು ಇನ್ಶೂರೆನ್ಸ್ ಏಜೆನ್ಸಿ ಹಿಡಿದಿದ್ದೇನೆ ಎಂಬ ಸುದ್ದಿ ನನ್ನ ಸ್ಕೂಟರಿಗಿಂತ ಮುಂದೆ ಓಡುತ್ತಿತ್ತು.

ಮೂರು ದಿನಗಳಲ್ಲಿ ಇಪ್ಪತ್ತನಾಲ್ಕು ಮನೆ ಮುಗಿಸಿದೆ. ಕಾಗದ ಕಂಡದ್ದು ಐದು ಕಡೆ. ಉಳಿದ ಹತ್ತೊಂಬತ್ತು ಮನೆಯವರಿಗೆ ಹೇಳಿಕೆ ಆಗಿಲ್ಲವೋ, ಅಥವಾ ಅವರು ಕಾಗದವನ್ನು ಕಪಾಟಿನಲ್ಲಿಡುವ ಶಿಸ್ತಿನವರೋ, ಯಾರಿಗೆ ಗೊತ್ತು? ನನಗೆ ಖಚಿತವಾಗಿ ಸಿಕ್ಕ ಫಲಿತಾಂಶವೆಂದರೆ ಹೊಟ್ಟೆನೋವು.

ಗುರುವಾರ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ, ಮಂಜಪ್ಪ ಮಾವ. ಬೇರೆ ಹತ್ತು ಮನೆ ತಪ್ಪಿದರೂ ಕ್ಷಮೆ ಕೇಳಬಹುದು, ಇದೊಂದು ತಪ್ಪಿದರೆ ಶ್ವೇತಾಳ ಧಾರೆಯಲ್ಲೂ ಆ ಜಾಗ ಖಾಲಿ. ಹನ್ನೆರಡು ವರ್ಷ ಹಿಂದೆ ಅದು ಅಂಚೆಯ ತಪ್ಪು, ಈ ಸಲ ನನ್ನದು. ಇದನ್ನು ಯೋಚಿಸಿ ನನಗೆ ನಿಜವಾಗಿ ಹೆದರಿಕೆಯಾಯಿತು. ಶಿರ್ವಕ್ಕೆ ಹೋಗುವ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದೆ. ಹೇಳಿಕೆಯಾಗಿದ್ದರೆ ನೆನಪಿಸಿದಂತೆ, ಆಗಿರದಿದ್ದರೆ ಹೇಳಿದಂತೆ, ಎರಡಕ್ಕೂ ಹೊಂದುವ ವಾಕ್ಯ. ಅಷ್ಟು ಎಚ್ಚರದಿಂದ ನಾನು ಪತ್ರಿಕೆಗೂ ಬರೆದಿರಲಿಲ್ಲ.

ಮಾವ ಅಂಗಳದಲ್ಲಿ ತೆಂಗಿನಕಾಯಿ ಸುಲಿಸುತ್ತಾ ನಿಂತಿದ್ದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು. ಹೆಂಡತಿ ಇಲ್ಲ. ಕೈ ನೋಡಿದರು. ಕಾಗದ ಇಲ್ಲ. ಜಗಲಿಯಲ್ಲಿ ಕೂರಿಸಿದರು. ಟಿವಿ ಒಳಗಿತ್ತು, ಕಿಟಕಿಗೆ ಪರದೆ ಇತ್ತು, ಏನೂ ಕಾಣುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಬಾಯಿಪಾಠ ಒಪ್ಪಿಸಿದೆ.

"ಮಾವ, ಶ್ವೇತಾಳ ಮದುವೆಗೆ ನೀವು ಇಲ್ಲದೆ ಆಗಲಿಕ್ಕಿಲ್ಲ, ಅದು ನಿಮಗೆ ಗೊತ್ತೇ ಉಂಟು."

ಮಾವ ನನ್ನ ಕಡೆ ತಿರುಗಿ ಕುಳಿತರು.

"ಇದು ಹೇಳಿಕೆಯಾ, ನೆನಪು ಮಾಡುವುದಾ?"

ನೂರ ನಲವತ್ತು ಮನೆಯ ಭಾರವೂ ಆ ಒಂದು ಪ್ರಶ್ನೆಯಲ್ಲಿತ್ತು. ಒಬ್ಬನೇ ಬಂದಿದ್ದೇನೆ, ಕಾಗದವಿಲ್ಲ. ಹೇಳಿಕೆ ಎಂದರೆ ಅದು ಅಂಚೆಗಿಂತ ಕಡೆ. ಬೇಗ ಬೇಗ ಲೆಕ್ಕ ಹಾಕಿ, ನೆನಪು ಮಾಡಲು ಬಂದೆ ಮಾವ, ಎಂದೆ.

"ಹೇಳದೆ ನೆನಪು ಮಾಡುವುದು ಹೇಗೆ?" ಎಂದು ಮಾವ ಎದ್ದು ಒಳಗೆ ಹೋದರು. ಶರಬತ್ತು ಬರಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಜಯಂತಿಗೆ ಎಲ್ಲವನ್ನೂ ಹೇಳಿದೆ. ಸೆಲ್ಲು, ಮ್ಯಾಚು, ಮಣಿಪಾಲ, ಸ್ಟೂಲು, ಶಿರ್ವ. ನಾವು ಮನೆಯಲ್ಲಿ ಮಾತಾಡುವುದು ತುಳು. ಅವಳು ಅಂದದ್ದರಲ್ಲಿ ಕನ್ನಡಕ್ಕೆ ತರಬಹುದಾದದ್ದು ಇಷ್ಟೇ:

"ನೀವು ಶಿರ್ವಕ್ಕೆ ಹೋಗುವಷ್ಟು ಧೈರ್ಯದವರು ಅಂತ ನಾನು ಎಣಿಸಿರಲಿಲ್ಲ."

ಆಮೇಲೆ ಅಕ್ಕಿ ಡಬ್ಬದ ಹಿಂದಿನಿಂದ ಒಂದು ನೀಲಿ ರಟ್ಟಿನ ಡೈರಿ ತೆಗೆದಳು. ನನ್ನದೇ ಅಂಗಡಿಯದು. ಮಾರಾಟವಾಗದೆ ಉಳಿದದ್ದನ್ನು ನಾನೇ ಮನೆಗೆ ತಂದು ಒಟ್ಟಿದ್ದೆ. ಅದರಲ್ಲಿ ನೂರ ನಲವತ್ತು ಮನೆಗಳೂ ಸಾಲಾಗಿ ಇದ್ದವು, ಆದದ್ದಕ್ಕೆ ಗುರುತು, ಆಗದ್ದಕ್ಕೆ ಸೊನ್ನೆ. ಸೆಲ್ಲು ತೆಗೆದರೆ ಎಲ್ಲ ಹೋಗುತ್ತದೆ ಎಂದು ಅಣ್ಣ ಮೊದಲ ದಿನವೇ ಹೇಳಿದ್ದರಂತೆ. ಕಾಗದದಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ ಎಂದು ನಾನು ದಿನಾ ಹೇಳುತ್ತಿದ್ದೆನಂತೆ. ಹಾಗಾಗಿ ಅವಳು ಸಂಜೆ ಸಂಜೆ ಕೇಳಿ ಬರೆದುಕೊಂಡಿದ್ದಳು. ನನ್ನ ಮಾತನ್ನು ಇಡೀ ಜಿಲ್ಲೆಯಲ್ಲಿ ನಂಬಿದ ಒಬ್ಬಳೇ ಒಬ್ಬಳು ನನ್ನ ಮನೆಯಲ್ಲೇ ಇದ್ದಳು, ನನಗೇ ಗೊತ್ತಿರಲಿಲ್ಲ.

ಬಾಕಿ ಇದ್ದದ್ದು ಬರೇ ಎಂಟು ಮನೆ. ಎಂಟನೆಯದು ಶಿರ್ವ. ಅದರ ಮುಂದೆ ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: ಎಲ್ಲದಕ್ಕಿಂತ ಕೊನೆಗೆ. ಅಣ್ಣ ಬಂದ ಮೇಲೆ ನಾಲ್ವರೂ ಒಟ್ಟಿಗೆ. ಕಾಗದ ಕೈಯಲ್ಲೇ.

ಶುಕ್ರವಾರ ಭಾವ ಬಂದರು. ಕೇಳಿ ಬೈಯಲಿಲ್ಲ, ಯಂತ್ರವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸವರಿದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಉಳಿದ ಏಳು ಮನೆಗೆ ನಾನೂ ಜಯಂತಿಯೂ ಹೇಳಿ ಬಂದಿದ್ದೆವು. ಶನಿವಾರ ನಾಲ್ವರೂ ಶಿರ್ವಕ್ಕೆ ಹೋದೆವು. ಭಾವ ಕಾಗದ ಹಿಡಿದು ಮಾತು ಎತ್ತಿದೊಡನೆ ಮಾವ ಕೈ ಅಡ್ಡ ಮಾಡಿ ನನ್ನ ಕಡೆ ತಿರುಗಿದರು.

"ನೀವು ಗುರುವಾರ ಬಂದದ್ದು ಎಂತಕ್ಕೆ? ಅದು ಮೊದಲು ಹೇಳಿ."

ಹೇಳಿದೆ. ಈ ಸಲ ಯಾವ ವಾಕ್ಯವನ್ನೂ ಬಾಯಿಪಾಠ ಮಾಡಿರಲಿಲ್ಲ. ನನ್ನ ಆರು ಸಾಲಿನಿಂದ ಹಿಡಿದು ಅವರ ಜಗಲಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಜಯಂತಿ ನೆಲ ನೋಡುತ್ತಿದ್ದಳು. ಮಾವನ ಮುಖದಲ್ಲಿ ಏನೂ ಕಾಣಲಿಲ್ಲ.

"ಮ್ಯಾಚು ಎಂತ ಆಯಿತು?" ಎಂದು ಕೇಳಿದರು.

"ಸೋತರು, ಮಾವ."

ಮೊದಲು ಅವರ ಭುಜ ಕುಲುಕಿತು. ಆಮೇಲೆ ಹೊಟ್ಟೆ. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅತ್ತೆಯನ್ನು ಒಳಗಿನಿಂದ ಕರೆದು, ನನ್ನಿಂದ ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿ, ಧಾರೆಗೆ ಎಷ್ಟು ಗಂಟೆಗೆ ಅಲ್ಲಿರಬೇಕು ಎಂದು ಕೇಳಿದರು. ಜಯಂತಿ ಹೇಳಿದಳು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು. ಅತ್ತೆ ತಂದುಕೊಟ್ಟ ಶರಬತ್ತನ್ನು ನಾನು ಒಂದು ಹನಿಯೂ ಬಿಡದೆ ಕುಡಿದೆ.

ಧಾರೆಯ ಹೊತ್ತಿಗೆ ಮಾವ ತಮ್ಮ ಜಾಗದಲ್ಲಿ ನಿಂತಿದ್ದರು. ಊಟದ ಪಂಕ್ತಿಯಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಸೆಲ್ಲಿನ ಕಥೆ ಹೇಳಿದರು. ಇವ ಇನ್ಶೂರೆನ್ಸಿನವನಲ್ಲ ಎಂದು ತಿಳಿದು ಇಪ್ಪತ್ತನಾಲ್ಕು ಮನೆಯವರಿಗೂ ಸಮಾಧಾನವಾಯಿತು.

ಭಾವ ರಜೆ ಮುಗಿಸಿ ಹೋಗುವಾಗ ನನ್ನ ಅಂಗಡಿಯಿಂದ ಎರಡು ಡೈರಿ ಕೊಂಡುಹೋದರು. ಇದಕ್ಕಿಂತ ದೊಡ್ಡ ಗೆಲುವು ಇನ್ನೇನು ಬೇಕು? ಜಯಂತಿಯ ನೀಲಿ ಡೈರಿಯನ್ನು ನನ್ನ ಪತ್ರದ ಪಕ್ಕದಲ್ಲೇ ಗಾಜಿನ ಹಿಂದೆ ಪ್ರದರ್ಶನಕ್ಕಿಡಬೇಕೆಂದು ಅಂಗಡಿಗೆ ಒಯ್ದೆ. ಯಾವ ಪುಟ ತೆರೆದಿಡುವುದೆಂದು ತಿರುವುತ್ತಿರುವಾಗ ಆ ವಾರದ ಪುಟಗಳು ಸಿಕ್ಕಿದವು.

ಭಾನುವಾರ: ಯಂತ್ರದ ಸೆಲ್ಲು ರಿಮೋಟಿನಲ್ಲಿ. ಇವರೇ ಹೇಳಲಿ.

ಸೋಮವಾರ: ಹೇಳಲಿಲ್ಲ.

ಮಂಗಳವಾರ: ಹೇಳಲಿಲ್ಲ. ಊಟ ಬೇಡ ಅಂದರು. ಹೊಟ್ಟೆ ತುಂಬ ಶರಬತ್ತು.

ಬುಧವಾರ: ಹೇಳಲಿಲ್ಲ. ಇವರಿಗೆ ಆರಾಮ ಉಂಟಾ ಅಂತ ಕಾರ್ಕಳದ ದೊಡ್ಡಮ್ಮ ಫೋನ್ ಮಾಡಿ ಕೇಳಿದರು.

ಗುರುವಾರ: ಹೇಳಿದರು. ಪಾಪ.

ಡೈರಿಯನ್ನು ಗಾಜಿನ ಹಿಂದೆ ಇಡಲಿಲ್ಲ. ಒಮ್ಮೆ ಬರೆದದ್ದು ಅಳಿಯುವುದಿಲ್ಲ ಎಂದು ಪತ್ರಿಕೆಗೆ ಬರೆದಿದ್ದೆನಲ್ಲ, ಆ ಮಾತು ಸತ್ಯ. ನನ್ನ ಅಂಗಡಿಯ ಅತಿ ಒಳ್ಳೆಯ ರಬ್ಬರಿನಿಂದ ಅರ್ಧ ಗಂಟೆ ಉಜ್ಜಿ ನೋಡಿದ್ದೇನೆ.